ಗ್ರಂಥಸೂಚಿ ಮತ್ತು ಕೃತಕ ಬುದ್ಧಿಮತ್ತೆ

ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಗ್ರಂಥಾಲಯಗಳಿಗೆ ಕೃತಕ ಬುದ್ಧಿಮತ್ತೆ ಬೇಕೆ ಬೇಡವೆ ಎಂಬ ಚರ್ಚೆಗೆ ಈಗ ಹೆಚ್ಚಿನ ಅರ್ಥ ಉಳಿದಿಲ್ಲ. ಗ್ರಂಥಪಾಲಕರ ಒಪ್ಪಿಗೆಗೆ ಕಾಯದೆ ವಿದ್ಯಾರ್ಥಿಗಳೂ ಅಧ್ಯಾಪಕರೂ ತಮ್ಮ ಮೊಬೈಲಿನಲ್ಲೇ ಅದನ್ನು ಬಳಸತೊಡಗಿದ್ದಾರೆ. ಇತ್ಯರ್ಥವಾಗದೆ ಉಳಿದಿರುವ ಪ್ರಶ್ನೆ ಬೇರೆ. ಗ್ರಂಥಾಲಯವು ತಾನೇ ಹಣ ತೊಡಗಿಸಿ ಈ ತಂತ್ರಜ್ಞಾನವನ್ನು ತರುವುದಾದರೆ ಅದನ್ನು ಮೊದಲು ಇರಿಸಬೇಕಾದದ್ದು ಓದುಗರ ಪ್ರಶ್ನೆಗೆ ಉತ್ತರಿಸುವ ಮುಂಭಾಗದ ಮೇಜಿನಲ್ಲೋ, ಪುಸ್ತಕಗಳ ಸೂಚಿಯನ್ನು ಸಿದ್ಧಪಡಿಸುವ ಒಳಕೋಣೆಯಲ್ಲೋ? ಈವರೆಗಿನ ಗಣಕೀಕರಣದ ಫಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ವಿಶೇಷವಾಗಿ ಕನ್ನಡ ಪುಸ್ತಕಗಳ ಮಟ್ಟಿಗೆ, ಒಳಕೋಣೆಯೇ ಮೊದಲಾಗಬೇಕು.

ಗಣಕೀಕರಣದ ಮುಂದುವರಿಕೆಯೇ ಕೃತಕ ಬುದ್ಧಿಮತ್ತೆ ಎಂಬ ಭಾವನೆ ವ್ಯಾಪಕವಾಗಿದ್ದರೂ ಎರಡರ ಸ್ವಭಾವ ಒಂದಲ್ಲ. ಪುಸ್ತಕದ ಎರವಲು, ಮರಳಿಕೆ, ದಂಡದ ಲೆಕ್ಕ, ಸೂಚಿಯ ಶೋಧ ಮುಂತಾದ ಕೆಲಸಗಳನ್ನು ಮೊದಲೇ ಬರೆದಿಟ್ಟ ನಿಯಮಗಳಂತೆ ಯಂತ್ರದಿಂದ ಮಾಡಿಸುವುದು ಗಣಕೀಕರಣ. ಅಲ್ಲಿ ಒಂದೇ ಆದೇಶಕ್ಕೆ ಸದಾ ಒಂದೇ ಫಲ ಬರುತ್ತದೆ, ತಪ್ಪಾದರೆ ತಪ್ಪಿನ ಮೂಲವನ್ನು ಹುಡುಕಬಹುದು. ಕೃತಕ ಬುದ್ಧಿಮತ್ತೆಯಾದರೋ ಅಪಾರ ಮಾದರಿಗಳಿಂದ ಕಲಿತು, ಇರಬಹುದಾದ ಉತ್ತರವನ್ನು ಊಹಿಸಿ ಕೊಡುತ್ತದೆ. ಮೊದಲನೆಯದರ ಇತಿಹಾಸ 1960ರ ದಶಕದಷ್ಟು ಹಿಂದಿನದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಂ ರೂಪಿಸಿದ ಮಾರ್ಕ್ ಎಂಬ ದಾಖಲೆಯ ನಮೂನೆಯಲ್ಲಿ ಶೀರ್ಷಿಕೆ, ಕರ್ತೃ, ವಿಷಯ ಇವುಗಳಿಗೆ ಪ್ರತ್ಯೇಕ ಸಂಖ್ಯೆಯ ಅಂಕಣಗಳಿದ್ದು, ಇಂದಿಗೂ ಜಗತ್ತಿನ ಬಹುಪಾಲು ಸೂಚಿಗಳು ಅದರ ಮೇಲೆಯೇ ನಿಂತಿವೆ. ಭಾರತದಲ್ಲಿ ಈ ಕಾರ್ಯಕ್ಕೆ ಬಲ ಬಂದದ್ದು 1991ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಇನ್‌ಫ್ಲಿಬ್‌ನೆಟ್ ಯೋಜನೆಯನ್ನು ಆರಂಭಿಸಿದ ಮೇಲೆ. ಅದು ಸಿದ್ಧಪಡಿಸಿದ ಸೋಲ್ ತಂತ್ರಾಂಶವೂ, ನ್ಯೂಜಿಲೆಂಡಿನ ಸಾರ್ವಜನಿಕ ಗ್ರಂಥಾಲಯವೊಂದಕ್ಕಾಗಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಕೋಹಾ ತಂತ್ರಾಂಶವೂ ನಮ್ಮ ಕಾಲೇಜುಗಳಲ್ಲಿ ಹರಡಿವೆ.

ಆದರೆ ಹರಡಿದ್ದು ತಂತ್ರಾಂಶವೇ ಹೊರತು ಸೂಚಿಯಲ್ಲ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯ ನಮೂನೆಯು ಗ್ರಂಥಾಲಯ ಯಾವ ತಂತ್ರಾಂಶವನ್ನು ಬಳಸುತ್ತಿದೆ, ಅದರ ಆವೃತ್ತಿ ಯಾವುದು, ಗಣಕೀಕರಣ ಪೂರ್ಣವೋ ಭಾಗಶಃವೋ, ಯಾವ ವರ್ಷ ಆಯಿತು ಎಂದು ಕೇಳುತ್ತ ಬಂದಿದೆ. ಕೇಳಿದ ಪ್ರಶ್ನೆಗೆ ಕಾಲೇಜುಗಳು ಉತ್ತರ ಕೊಟ್ಟಿವೆ. ಕೇಳದ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಅನೇಕ ಕಡೆ ಪರಿಗ್ರಹಣ ವಹಿಯಲ್ಲಿದ್ದ ಶೀರ್ಷಿಕೆ, ಲೇಖಕ, ಬೆಲೆ ಇಷ್ಟನ್ನೇ ಗುತ್ತಿಗೆಯವರಿಂದ ಅವಸರದಲ್ಲಿ ಕಂಪ್ಯೂಟರಿಗೆ ಇಳಿಸಿ, ಪುಸ್ತಕಕ್ಕೆ ಬಾರ್‌ಕೋಡ್ ಅಂಟಿಸುವುದರೊಂದಿಗೆ ಕೆಲಸ ಮುಗಿದಿದೆ, ವಿಷಯದ ಅಂಕಣ ಖಾಲಿಯೇ ಉಳಿದಿದೆ. ಪುಸ್ತಕ ಹೊರಗೆ ಹೋದದ್ದೂ ಒಳಗೆ ಬಂದದ್ದೂ ಯಂತ್ರಕ್ಕೆ ಗೊತ್ತು, ಪುಸ್ತಕದಲ್ಲಿ ಏನಿದೆ ಎಂಬುದು ಗೊತ್ತಿಲ್ಲ.

ಇಂಗ್ಲಿಷ್ ಪುಸ್ತಕಗಳ ಮಟ್ಟಿಗೆ ಈ ಕೊರತೆಯನ್ನು ನೀಗಿಸುವುದು ಸುಲಭ, ಏಕೆಂದರೆ ದೊಡ್ಡ ಗ್ರಂಥಾಲಯಗಳು ತಯಾರಿಸಿದ ದಾಖಲೆಗಳನ್ನು ಹಾಗೆಯೇ ಇಳಿಸಿಕೊಳ್ಳಬಹುದು. ಕನ್ನಡ ಪುಸ್ತಕಗಳಲ್ಲಿ ತೊಡಕುಗಳು ಒಂದರ ಮೇಲೊಂದು ಬರುತ್ತವೆ. ಕೆಲವು ಕಡೆ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ, ನಮೂದಿಸಿದವರ ಕಿವಿಗೆ ಕೇಳಿದಂತೆ, ಬರೆಯಲಾಗಿದೆ. ಹ್ರಸ್ವ ದೀರ್ಘಗಳ ವ್ಯತ್ಯಾಸವಾಗಲಿ ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸವಾಗಲಿ ಅಲ್ಲಿ ಉಳಿಯುವುದಿಲ್ಲ. ಇನ್ನು ಕೆಲವು ಕಡೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡವೇ ಇದ್ದರೂ, ಆ ಶೈಲಿಗಳು ರೋಮನ್ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದವುಗಳಾದ್ದರಿಂದ, ಪ್ರತಿ ಅಕ್ಷರಕ್ಕೂ ಸ್ವಂತ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಗೆ ಬಂದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಇವೆರಡನ್ನೂ ದಾಟಿದ ಮೇಲೆ ಕಾವ್ಯನಾಮಗಳ ಸಮಸ್ಯೆ. ಕುವೆಂಪು ಒಂದು ದಾಖಲೆಯಲ್ಲಿ ಕುವೆಂಪು, ಇನ್ನೊಂದರಲ್ಲಿ ಕೆ. ವಿ. ಪುಟ್ಟಪ್ಪ, ಬೇಂದ್ರೆ ಮತ್ತು ಅಂಬಿಕಾತನಯದತ್ತ ಇಬ್ಬರಾಗುತ್ತಾರೆ, ಮಾಸ್ತಿ ವೆಂಕಟೇಶ ಅಯ್ಯಂಗಾರರ ಶ್ರೀನಿವಾಸ ಎಂಬ ಹೆಸರು ಆ ಹೆಸರಿನ ಉಳಿದೆಲ್ಲ ಲೇಖಕರೊಂದಿಗೆ ಬೆರೆತುಹೋಗುತ್ತದೆ. ಒಬ್ಬ ಲೇಖಕನ ಎಲ್ಲ ಹೆಸರುಗಳನ್ನೂ ಒಂದು ಮಾನ್ಯ ರೂಪದಡಿ ತರುವ ಕೆಲಸಕ್ಕೆ ಗ್ರಂಥಾಲಯ ವಿಜ್ಞಾನದಲ್ಲಿ ನಾಮನಿಯಂತ್ರಣ ಎನ್ನಬಹುದಾದ ಪ್ರತ್ಯೇಕ ವಿಧಾನವೇ ಇದೆ, ಆದರೆ ಅದಕ್ಕೆ ಬೇಕಾದ ಸಮಯವನ್ನು ಯಾರೂ ಕೊಟ್ಟಿಲ್ಲ.

ಇಂಥ ಸೂಚಿಯ ಮೇಲೆ ಸಂಭಾಷಣೆ ನಡೆಸುವ ಕೃತಕ ಬುದ್ಧಿಮತ್ತೆಯನ್ನು ಕೂರಿಸಿದರೆ ಆಗುವುದೇನು? 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಲ್ಲದ ಲೇಖನಗಳಿಗೆ ಇರುವ ಪತ್ರಿಕೆಗಳ ಹೆಸರು ಹಚ್ಚಿ ಕೊಡುವ ಅದರ ದೋಷ ಬೇಗನೆ ಬಯಲಾಯಿತು. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಹಾಗೆ ಹುಟ್ಟಿದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ದಂಡವನ್ನೂ ವಿಧಿಸಿತು. ಇದಕ್ಕೆ ಪರಿಹಾರವೆಂದು, ಮೊದಲು ಗ್ರಂಥಾಲಯದ ಸ್ವಂತ ದಾಖಲೆಗಳನ್ನು ಹುಡುಕಿ, ಸಿಕ್ಕಿದ್ದರ ಆಧಾರದಿಂದ ಮಾತ್ರ ಉತ್ತರಿಸುವ ವ್ಯವಸ್ಥೆಗಳು ಬಂದಿವೆ. ಅವು ನಿಜಕ್ಕೂ ಮೇಲು. ಆದರೆ ದಾಖಲೆಯಲ್ಲಿ ಇಲ್ಲದ್ದನ್ನು ಅವೂ ತರಲಾರವು; ಕಪಾಟಿನಲ್ಲಿ ಇರುವ ಪುಸ್ತಕವನ್ನೇ ಇಲ್ಲವೆಂದು ವಿನಯದಿಂದ, ಒಳ್ಳೆಯ ಕನ್ನಡದಲ್ಲಿ, ಹೇಳಿಬಿಡುತ್ತವೆ. ಹಳೆಯ ಸೂಚಿಯ ಖಾಲಿ ಫಲಿತಾಂಶವನ್ನು ಕಂಡ ವಿದ್ಯಾರ್ಥಿ ಗ್ರಂಥಪಾಲಕರನ್ನು ಕೇಳುತ್ತಿದ್ದ, ನಯವಾದ ಉತ್ತರ ಸಿಕ್ಕವನು ಕೇಳದೆ ಹೊರಟುಹೋಗುತ್ತಾನೆ.

ಒಳಕೋಣೆಯಲ್ಲಿ ಪರಿಸ್ಥಿತಿ ಬೇರೆ. ಮುಖಪುಟದ ಚಿತ್ರದಿಂದ ಅಕ್ಷರಗಳನ್ನು ಓದಿ ದಾಖಲೆಯ ಕರಡು ತಯಾರಿಸುವುದು, ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸಿದಾಗ ಉಳಿದ ತಪ್ಪುಗಳನ್ನು ಗುರುತಿಸುವುದು, ಒಬ್ಬನೇ ಲೇಖಕನಿರಬಹುದಾದ ಹೆಸರುಗಳನ್ನು ಜೋಡಿಸಿ ತೋರಿಸುವುದು ಇವೆಲ್ಲ ಯಂತ್ರಕ್ಕೆ ಒಗ್ಗುವ ಕೆಲಸಗಳು. ಅದರ ತಪ್ಪು ಓದುಗರಿಗೆ ತಲುಪುವ ಮೊದಲು ತಿಳಿದವರೊಬ್ಬರ ಕಣ್ಣಿಗೆ ಬೀಳುತ್ತದೆ. ಫಿನ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ರೂಪಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ ಆನಿಫ್ ಎಂಬ ಸಾಧನವು ಪುಸ್ತಕದ ಪಠ್ಯ ಅಥವಾ ಸಾರಾಂಶವನ್ನು ನೋಡಿ ವಿಷಯಸೂಚಕ ಪದಗಳನ್ನು ಸೂಚಿಸುತ್ತದೆ. ಆದರೆ ಅದು ಕಲಿಯುವುದು ಮನುಷ್ಯರು ಹಿಂದೆ ವಿಷಯ ನಿರ್ಧರಿಸಿದ ದಾಖಲೆಗಳಿಂದ. ಕನ್ನಡದಲ್ಲಿ ಅಂಥ ದಾಖಲೆಗಳ ಒಳ್ಳೆಯ ಸಂಚಯವನ್ನು ಮೊದಲು ಗ್ರಂಥಪಾಲಕರೇ ಮಾಡಿಕೊಡಬೇಕು.

ಇಲ್ಲಿ ಆಡಳಿತದವರ ಲೆಕ್ಕಾಚಾರ ಅಡ್ಡ ಬರುತ್ತದೆ: ಯಂತ್ರ ಬಂದ ಮೇಲೆ ಸಿಬ್ಬಂದಿ ಏಕೆ? ಓದುಗರ ಸಮಯವನ್ನು ಉಳಿಸಬೇಕೆಂಬುದು ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಸಂಬಳ ಉಳಿಸುವ ಸೂತ್ರ ಆ ಐದರಲ್ಲಿ ಇಲ್ಲ. ಪರಿಶೀಲಿಸುವವರಿಲ್ಲದ ಕರಡು ದಾಖಲೆಗಳು ಖಾಲಿ ಅಂಕಣಗಳಿಗಿಂತ ಹೆಚ್ಚು ಹಾನಿ ಮಾಡುತ್ತವೆ, ಏಕೆಂದರೆ ಖಾಲಿ ಅಂಕಣ ಖಾಲಿಯೆಂದು ಕಾಣುತ್ತದೆ, ತಪ್ಪು ತುಂಬಿದ್ದು ಕಾಣುವುದಿಲ್ಲ.

ಕೇಂದ್ರ ಸರ್ಕಾರದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯು 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಸುಮಾರು 13,000 ಅಂತರರಾಷ್ಟ್ರೀಯ ವಿದ್ವತ್ ಪತ್ರಿಕೆಗಳಿಗಾಗಿ ತೆಗೆದಿರಿಸಿದೆ. ಆ ಪತ್ರಿಕೆಗಳ ಸೂಚಿಯನ್ನೂ ಶೋಧಕ್ಕೆ ಬೇಕಾದ ಹೊಸ ಸಾಧನಗಳನ್ನೂ ಪ್ರಕಾಶಕರು ತಾವಾಗಿಯೇ ಒದಗಿಸುತ್ತಾರೆ. ಆದರೆ ಕನ್ನಡ ಪುಸ್ತಕಗಳ ಸೂಚಿಯನ್ನು ಕರ್ನಾಟಕದ ಗ್ರಂಥಾಲಯಗಳು ಮಾಡದಿದ್ದರೆ ಬೇರೆಯವರು ಪೂರ್ಣವಾಗಿ ಮಾಡಿಕೊಡುತ್ತಾರೆಂದು ಕಾಯುವಂತಿಲ್ಲ. ಆದ್ದರಿಂದ ರಾಜ್ಯದ ವಿಶ್ವವಿದ್ಯಾಲಯಗಳು ಸಂಭಾಷಣೆಯ ತಂತ್ರಾಂಶಗಳಿಗೆ ಪ್ರತ್ಯೇಕವಾಗಿ ಹಣ ಸುರಿಯುವ ಮೊದಲು, ಕನ್ನಡ ಲೇಖಕರ ಹೆಸರುಗಳ ಒಂದು ಸಮಾನ ಪಟ್ಟಿಯನ್ನು ಒಟ್ಟಾಗಿ ಸಿದ್ಧಪಡಿಸಿ ಎಲ್ಲ ಕಾಲೇಜುಗಳಿಗೂ ಮುಕ್ತವಾಗಿ ಕೊಡಲಿ. ಮೌಲ್ಯಮಾಪನಕ್ಕೆ ಬರುವ ತಂಡಗಳೂ ತಂತ್ರಾಂಶದ ಆವೃತ್ತಿಯನ್ನು ಕೇಳುವ ಬದಲು, ಕಪಾಟಿನಿಂದ ಹತ್ತು ಕನ್ನಡ ಪುಸ್ತಕಗಳನ್ನು ಕೈಗೆತ್ತಿಕೊಂಡು ಅವು ಕನ್ನಡ ಲಿಪಿಯಲ್ಲಿ ಹುಡುಕಿದಾಗ ಸೂಚಿಯಲ್ಲಿ ಸಿಗುತ್ತವೆಯೇ ಎಂದು ಪರೀಕ್ಷಿಸಲಿ.