ಮನೆಯ ಕಾರಿನಲ್ಲೇ ರ್‍ಯಾಲಿಗೆ ಇಳಿಯಬಹುದೇ?

ದಿನವೂ ಓಡಿಸುವ ಕಾರನ್ನೇ ಹಿಡಿದು, ಕೈಗೆಟಕುವ ಖರ್ಚಿನಲ್ಲಿ ಹವ್ಯಾಸಿ ಮೋಟಾರ್‌ಸ್ಪೋರ್ಟ್‌ಗೆ ಕಾಲಿಡುವುದು ಸರಿಯೇ? ಹೈದರಾಬಾದಿನ ಬೇಗಂಪೇಟೆಯಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗರ ಪರ-ವಿರೋಧ.

ಪರ: ಮೊದಲು ಎಡಗಡೆ ಸೀಟಿಗೆ ಬನ್ನಿ
(ಬೀದರ್ ಮೂಲದ ಎಂಜಿನಿಯರ್, ರ್‍ಯಾಲಿ ಹವ್ಯಾಸಿ)

ಹುಸೇನ್ ಸಾಗರದ ದಂಡೆಯಲ್ಲಿ 2023ರ ಫೆಬ್ರುವರಿ 11ರಂದು ಫಾರ್ಮುಲಾ ಇ ಕಾರುಗಳು ಓಡಿದವು. 2.83 ಕಿ.ಮೀ. ಸರ್ಕ್ಯೂಟಿಗಾಗಿ ಕೆರೆಯ ಸುತ್ತಲಿನ ಹಲವು ರಸ್ತೆಗಳು ಬಂದ್. ಬೇಗಂಪೇಟೆಯಿಂದ ಸೆಕ್ರೆಟೇರಿಯಟ್ ಕಡೆಗೆ ಹೊರಟವರು ಊರೆಲ್ಲ ಸುತ್ತಿದರು. ಮರುವರ್ಷದ ರೇಸು ರದ್ದಾಯಿತು, ಹಣದ ವಿವಾದ ತನಿಖಾ ಸಂಸ್ಥೆಗಳ ಬಾಗಿಲು ತಟ್ಟಿತು. ಈ ಗಲಾಟೆಯಿಂದ ಜನರ ತಲೆಯಲ್ಲಿ ಉಳಿದದ್ದು ಒಂದೇ ಮಾತು: ಮೋಟಾರ್‌ಸ್ಪೋರ್ಟ್ ಎಂದರೆ ಕೋಟಿಗಳ ಬಾಬತ್ತು, ನಮ್ಮಂಥವರಿಗಲ್ಲ. ನನ್ನ ಜಗಳ ಈ ಮಾತಿನ ಜೊತೆ.

ಯಾಕೆಂದರೆ ಈ ದೇಶದಲ್ಲಿ ರೇಸು ಬೆಳೆದದ್ದೇ ಇದ್ದುದರಲ್ಲಿ ಹೊಂದಿಸಿಕೊಂಡು. ಮದ್ರಾಸಿನವರು 1950ರ ದಶಕದಲ್ಲಿ ಕಾರು ಓಡಿಸಿದ್ದು ಶೋಲಾವರಂನಲ್ಲಿ, ಮಹಾಯುದ್ಧ ಮುಗಿದ ಮೇಲೆ ಖಾಲಿ ಬಿದ್ದ ವಿಮಾನಪಟ್ಟಿಯ ಮೇಲೆ. ಇರುಂಗಾಟ್ಟುಕೋಟೈಯಲ್ಲಿ ಅವರದೇ ಟ್ರ್ಯಾಕ್ ಬಂದದ್ದು 1990ರ ಹೊತ್ತಿಗೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಫಾರ್ಮುಲಾ ಮಾರುತಿ ಎಂಬ ರೇಸು ಕಾರು ಕಟ್ಟಿದಾಗ ಎಂಜಿನ್ ಎಲ್ಲಿಂದ ತಂದರು? ಮಾರುತಿ 800ರಿಂದ! ನಮ್ಮಪ್ಪಂದಿರು ಹೆಂಡತಿ ಮಕ್ಕಳನ್ನು ತುಂಬಿಕೊಂಡು ಜಾತ್ರೆಗೆ ಹೋಗುತ್ತಿದ್ದ ಅದೇ 796 ಸಿಸಿ ಎಂಜಿನ್. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಹುಡುಗನಾಗಿದ್ದಾಗ ಓಡಿಸಿದ್ದು ಈ ಕಾರನ್ನೇ. ಇನ್ನು ನಿಮ್ಮ ಸ್ವಿಫ್ಟ್ ಯಾತಕ್ಕೂ ಸಾಲದು ಎಂದರೆ ನಾನು ಹೇಗೆ ನಂಬಲಿ?

ಆದರೂ ಹೊಸಬರಿಗೆ ನಾನು ಸ್ಟೀರಿಂಗ್ ಹಿಡಿಯಿರಿ ಎನ್ನುವುದಿಲ್ಲ. ಎಡಗಡೆ, ದಾರಿ ಮತ್ತು ಸಮಯದ ಲೆಕ್ಕ ಹಾಕುವ ನ್ಯಾವಿಗೇಟರ್ ಸೀಟಿನಲ್ಲಿ ಕೂತುಕೊಳ್ಳಿ ಎನ್ನುತ್ತೇನೆ. ಟಿಎಸ್‌ಡಿ, ಅಂದರೆ ಟೈಮ್-ಸ್ಪೀಡ್-ಡಿಸ್ಟೆನ್ಸ್ ರ್‍ಯಾಲಿಯಲ್ಲಿ ಜೋರಾಗಿ ಓಡಿಸಿದವನು ಸೋಲುತ್ತಾನೆ. ಆಯೋಜಕರು ಒಂದು ರೋಡ್‌ಬುಕ್ ಕೊಡುತ್ತಾರೆ. ಅದರಲ್ಲಿ ಊರಿನ ಹೆಸರಿಲ್ಲ, ನಕ್ಷೆಯಿಲ್ಲ. ಪ್ರತಿ ತಿರುವಿಗೂ ಒಂದು ಪುಟ್ಟ ಗೆರೆಚಿತ್ರ, ಅಷ್ಟು ಹೊತ್ತಿಗೆ ಮೀಟರ್ ಎಷ್ಟು ತೋರಿಸಬೇಕು ಎಂಬ ಅಂಕಿ, ಕಾಯ್ದುಕೊಳ್ಳಬೇಕಾದ ಸರಾಸರಿ ವೇಗ. ಅವರು ಎಲ್ಲಿ ಬೇವಿನ ಮರದ ಹಿಂದೆ ಗಡಿಯಾರ ಹಿಡಿದು ಕೂತಿರುತ್ತಾರೋ ನಿಮಗೆ ಗೊತ್ತಿರುವುದಿಲ್ಲ. ತಡವಾದರೆ ದಂಡ, ಬೇಗ ಬಂದರೆ ಸಾಮಾನ್ಯವಾಗಿ ಇನ್ನೂ ಹೆಚ್ಚಿನ ದಂಡ.

ಇಲ್ಲಿ ಕಾರಿಗಿಂತ ಲೆಕ್ಕ ದೊಡ್ಡದು. ಗಂಟೆಗೆ 36 ಕಿ.ಮೀ. ಎಂದರೆ ಒಂದು ಕಿಲೋಮೀಟರಿಗೆ ಸರಿಯಾಗಿ 100 ಸೆಕೆಂಡು, ಇದು ಸುಲಭ. ವೇಗ 27 ಎಂದು ಬದಲಾದ ಕೂಡಲೇ 133 ಸೆಕೆಂಡು ಮತ್ತು ಚೂರು. ಅದೂ ನಿಮ್ಮ ಕಾರಿನ ಮೀಟರ್ ನಂಬುವಂತಿದ್ದರೆ! ಅವರ 10 ಕಿ.ಮೀ.ಗೆ ನಿಮ್ಮದು 10.3 ತೋರಿಸಿದರೆ ಮುಂದಿನ ಪ್ರತಿ ಅಂಕಿಯನ್ನೂ 1.03ರಿಂದ ಗುಣಿಸುತ್ತಾ ಹೋಗಬೇಕು. ಟೈರಿಗೆ ಗಾಳಿ ಹೊಡೆಸಿದರೆ ಆ 1.03 ಕೂಡ ಬದಲಾಗುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ, ಮಡಿಲಲ್ಲಿ ರಟ್ಟು ಇಟ್ಟುಕೊಂಡು, ಪೆನ್ಸಿಲ್ಲಿನಲ್ಲಿ ಗೀಚುತ್ತಾ, ‘ಮೂರು ಸೆಕೆಂಡು ಹಿಂದೆ ಇದ್ದೀವಿ, ಸ್ವಲ್ಪ ಒತ್ತು’ ಎಂದು ಹೇಳುವುದಿದೆಯಲ್ಲ, ಆ ಅಮಲು ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ. ಇಷ್ಟಕ್ಕೆ ಬೇಕಾದದ್ದು ಪೆನ್ಸಿಲ್, ಕ್ಯಾಲ್ಕುಲೇಟರ್, ಮೊಬೈಲಿನ ಸ್ಟಾಪ್‌ವಾಚ್. ಕಾರು ಸ್ನೇಹಿತನದು.

ಎಡಗಡೆಯವನೆಂದರೆ ಎರಡನೇ ದರ್ಜೆಯವನು ಎಂದುಕೊಳ್ಳಬೇಡಿ. ಕಾಸರಗೋಡು ಜಿಲ್ಲೆಯ ಮೂಸಾ ಷರೀಫ್ ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್‌ಶಿಪ್ಪನ್ನು ಮತ್ತೆ ಮತ್ತೆ ಗೆದ್ದದ್ದು ನ್ಯಾವಿಗೇಟರ್ ಆಗಿಯೇ. ಕುಂಬಳೆ ಕಡೆಯಿಂದ ಹೊರಟು ದೇಶದ ಅತ್ಯುತ್ತಮ ಚಾಲಕರ ಪಕ್ಕದಲ್ಲಿ ಕೂತ ಮನುಷ್ಯ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ರ್‍ಯಾಲಿ ನೋಡಿದವರಿಗೆ ಗೊತ್ತು: ಮುಂದಿನ ತಿರುವು ಚಾಲಕನ ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬಿದ್ದಿರಬೇಕು. ಆ ದನಿ ಎಡಗಡೆ ಸೀಟಿನದು.

ಓಡಿಸಲೇಬೇಕು ಎಂಬ ತುರಿಕೆ ಇದ್ದರೆ ಆಟೋಕ್ರಾಸ್ ಇದೆ. ಬಯಲಲ್ಲಿ ಮಣ್ಣಿನ ದಾರಿ, ಒಂದು ಸಲಕ್ಕೆ ಒಂದೋ ಎರಡೋ ಕಾರು, ಎದುರಾಳಿ ಗಡಿಯಾರ ಮಾತ್ರ. ಕಾರಿಗೆ ಏನು ಮಾಡಿಸಬೇಕು ಎಂದು ಹುಡುಗರು ಕೇಳುತ್ತಾರೆ, ಟರ್ಬೊ, ಎಕ್ಸಾಸ್ಟ್ ಎಂದೆಲ್ಲ ಕನಸು ಕಾಣುತ್ತಾರೆ. ರಾಣಿಗಂಜ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಒಳ್ಳೆಯ ಬ್ರೇಕ್ ಪ್ಯಾಡ್ ಮತ್ತು ಒಂದು ಡಬ್ಬಿ ಡಾಟ್-4 ಬ್ರೇಕ್ ಆಯಿಲ್ ತನ್ನಿ, ಸಾಕು. ಹೊಸ ಡಾಟ್-3 ಕುದಿಯುವುದು 205 ಡಿಗ್ರಿಗೆ, ಡಾಟ್-4 230ಕ್ಕೆ. ವರ್ಷಗಟ್ಟಲೆ ಬದಲಾಯಿಸದ ಆಯಿಲ್ ಗಾಳಿಯ ತೇವ ಕುಡಿದು ಇನ್ನೂ ಬೇಗ ಕುದಿಯುತ್ತದೆ. ಆಗ ಪೆಡಲ್ ಮೆತ್ತಗೆ ನೆಲಕ್ಕಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಕಾಂಕ್ರೀಟಿನ ಮೇಲೆ ಓಡಿಸುವುದಾದರೆ ನಮ್ಮ ಉಸ್ತಾದ್ ಹೇಳಿಕೊಟ್ಟ ಒಂದು ಉಪಾಯವೂ ಇದೆ. ಟೈರಿನ ಅಂಚಿನಿಂದ ಪಕ್ಕಕ್ಕೆ ಇಳಿಯುವಂತೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಒಂದು ಸುತ್ತು ಮುಗಿಸಿ ಬಂದಾಗ ಗೆರೆ ಪಕ್ಕದ ತನಕ ಅಳಿಸಿಹೋಗಿದ್ದರೆ ಟೈರು ಮಗುಚುತ್ತಿದೆ, ಗಾಳಿ ಕಡಿಮೆ ಎಂದರ್ಥ. ಇಷ್ಟು ಕಲಿತವನು ಪಂಜಾಗುಟ್ಟದ ಟ್ರಾಫಿಕ್ಕಿನಲ್ಲೂ ಬೇರೆಯೇ ಚಾಲಕ.

ಜಾಗವಿಲ್ಲ ಎನ್ನುತ್ತೀರಾ? ನಮ್ಮ ಬೇಗಂಪೇಟೆಯ ವಿಮಾನ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳು ಶಂಶಾಬಾದಿಗೆ ಹೋದದ್ದು 2008ರ ಮಾರ್ಚ್‌ನಲ್ಲಿ. ವಿಂಗ್ಸ್ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಅಲ್ಲಿ ಜಾತ್ರೆಯೇ ನೆರೆಯುತ್ತದೆ. ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಹತ್ತರೊಳಗೆ, ಒಂದು ಮೂಲೆಯಲ್ಲಿ ಕೋನ್ ಜೋಡಿಸಿ ಸ್ಲಾಲಮ್ ಓಡಿಸಲು ಬಿಟ್ಟರೆ ಯಾರ ಗಂಟು ಹೋಗುತ್ತದೆ? ರಾತ್ರಿ ಹೊತ್ತು ಹೊರವರ್ತುಲ ರಸ್ತೆಯಲ್ಲಿ ಜೀವ ಪಣಕ್ಕಿಡುವ ಹುಡುಗರಿಗೆ ‘ಬಾ, ಇಲ್ಲಿ ತೋರಿಸು’ ಎನ್ನಲು ಒಂದು ಜಾಗ ಬೇಡವೇ?

ವಿಮೆ ಗಿಮೆ ಎಂದು ಎದುರು ಪುಟದವರು ಹೆದರಿಸುತ್ತಾರೆ, ಹೆದರಬೇಡಿ. ಕಾಗದಪತ್ರದ ವಿಷಯ ಕಾಗದಪತ್ರದಲ್ಲೇ ಬಗೆಹರಿಯುತ್ತದೆ. ಸವಕಳಿ ಇದೆ, ಒಪ್ಪುತ್ತೇನೆ. ಕ್ಲಚ್ ಪ್ಲೇಟ್ ಹೋಗುತ್ತದೆ, ಸಸ್ಪೆನ್ಷನ್ ಬುಶ್ ಹೋಗುತ್ತದೆ, ಸೋಮವಾರ ಆಫೀಸಿಗೆ ಮೆಟ್ರೋ ಹಿಡಿಯಬೇಕಾಗಬಹುದು. ಬೇಗಂಪೇಟೆ ಸ್ಟೇಷನ್ ಇರುವುದು ಮತ್ಯಾತಕ್ಕೆ? ಮನೆಯಲ್ಲಿ ಎರಡು ದಿನ ಮಾತು ಬಿಡುತ್ತಾರೆ. ಆಮೇಲೆ ನಿಧಾನಕ್ಕೆ ಒಂದು ಹಳೆಯ ಎಸ್ಟೀಮನ್ನೋ ಜೆನ್ನನ್ನೋ ಇದಕ್ಕೆಂದೇ ತಂದು ನಿಲ್ಲಿಸಿಕೊಳ್ಳುತ್ತೀರಿ. ಈ ಹುಚ್ಚು ಹಿಡಿದವರೆಲ್ಲ ಕೊನೆಗೆ ಮಾಡುವುದು ಅದನ್ನೇ.

ವಿರೋಧ: ಪಾಲಿಸಿಯ ಹಿಂಬದಿ ಓದಿದ್ದೀರಾ?
(ರಾಯಚೂರು ಮೂಲದವರು, ನಿವೃತ್ತ ಮೋಟಾರು ವಿಮಾ ಸರ್ವೇಯರ್)

ವಿರೋಧಿಸಿ ಬರೆಯಲು ಯಾರೂ ಸಿಗಲಿಲ್ಲ, ನಾಳೆಯೊಳಗೆ ಬೇಕು ಎಂದು ಸಂಪಾದಕರು ಫೋನ್ ಮಾಡಿದರು. ನನಗೆ ರೇಸಿನ ಮೇಲೆ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲನೆಯದು ವಿಮೆ. ನಿಮ್ಮ ಖಾಸಗಿ ಕಾರಿನ ಪಾಲಿಸಿ ತೆಗೆದು ‘ಬಳಕೆಯ ಮಿತಿಗಳು’ ಎಂಬ ಭಾಗ ನೋಡಿ. ಬಾಡಿಗೆ, ಸರಕು ಸಾಗಣೆ ಇವುಗಳ ಜೊತೆಗೇ ಸಂಘಟಿತ ರೇಸು, ಪೇಸ್ ಮೇಕಿಂಗ್, ವೇಗಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ನಿಗದಿತ ಸಮಯ ಪಾಲಿಸುವ ಸ್ಪರ್ಧೆ) ಇವಕ್ಕೆಲ್ಲ ರಕ್ಷಣೆ ಇಲ್ಲ ಎಂದು ಬರೆದಿರುತ್ತದೆ. ರ್‍ಯಾಲಿಯವರು ‘ನಮ್ಮದು ರೇಸಲ್ಲ, ಸಮಯಪಾಲನೆ’ ಎಂದು ನುಣುಚಿಕೊಳ್ಳುತ್ತಾರೆ. ಆ ಕೊನೆಯ ಬಾಬು ಬಂದಿರುವುದೇ ಅಂಥವರನ್ನು ಹಿಡಿಯಲು. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲೇ ಬರೆಸಿಕೊಳ್ಳಲು, ಅಂದರೆ ಎಂಡಾರ್ಸ್‌ಮೆಂಟ್ ಮಾಡಿಸಿಕೊಳ್ಳಲು ಅವಕಾಶವಿದೆ. ಮಾಡಿಸಿಕೊಂಡವರು ನನ್ನ ಸೇವಾವಧಿಯಲ್ಲಿ ಅಪರೂಪ. ಬೇರೆಯವರಿಗೆ ಪೆಟ್ಟಾದರೂ ಅಷ್ಟೆ. ಸಂಘಟಿತ ರೇಸು, ವೇಗಪರೀಕ್ಷೆಗೆ ಬಳಸಿದ ವಾಹನವಾದರೆ ಕಂಪನಿ ತಕರಾರು ಎತ್ತಲು ಮೋಟಾರು ವಾಹನ ಕಾಯ್ದೆಯೇ ದಾರಿ ಕೊಟ್ಟಿದೆ. ಪರಿಹಾರದ ಹೊರೆ ಕಡೆಗೆ ಮಾಲೀಕನ ತಲೆಗೇ ಬರಬಹುದು.

ಒಂದು ಕ್ಲೇಮು ನೆನಪಿದೆ. ರಸ್ತೆ ವಿಭಜಕಕ್ಕೆ ತಗುಲಿತು ಎಂದು ಅರ್ಜಿ. ಬಂಪರ್ ಒಡೆದಿತ್ತು, ರೇಡಿಯೇಟರ್ ಮುರಿದಿತ್ತು, ಎಲ್ಲ ಸರಿ. ಆದರೆ ಎರಡೂ ಮುಂಬಾಗಿಲುಗಳ ಮೇಲೆ ಚೌಕಾಕಾರದಲ್ಲಿ ಅಂಟಿನ ಗುರುತು, ನಂಬರ್ ಸ್ಟಿಕರ್ ಕಿತ್ತದ್ದು. ಏರ್ ಫಿಲ್ಟರ್ ತೆಗೆಸಿದರೆ ಕೆಂಪು ಮಣ್ಣು ಬುಳಬುಳನೆ ಸುರಿಯಿತು. ಹಿಂದಿನ ಸೀಟಿಗೆ ಬೆಲ್ಟೇ ಇಲ್ಲ, ಬಿಚ್ಚಿಟ್ಟಿದ್ದರು. ‘ಯಾವ ರಸ್ತೆ ವಿಭಜಕ ಸಾರ್?’ ಎಂದು ಕೇಳಿದೆ. ಆ ಹುಡುಗ ನೆಲ ನೋಡಿದ. ಕ್ಲೇಮು ಹೋಯಿತು, ಕಾರಿನ ಸಾಲದ ಕಂತು ಮಾತ್ರ ಉಳಿಯಿತು. ತಂದೆಯ ಹೆಸರಿನಲ್ಲಿದ್ದ ಸಾಲ.

ಇನ್ನು ಕಾನೂನು. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸು ಅಥವಾ ವೇಗಪರೀಕ್ಷೆ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೂರು ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಕಾರಿಗೆ ಬೇಕಾದ ಹಾಗೆ ಬದಲಾವಣೆ ಮಾಡಿಸಿದರೆ 52ನೇ ಕಲಂ ಅಡ್ಡ ಬರುತ್ತದೆ. ಅದಕ್ಕೆ ಬೇರೆ ಶಿಕ್ಷೆ.

ಅಪಾಯದ ಬಗ್ಗೆಯೂ ಬರೆಯಲೇಬೇಕು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ್‍ಯಾಲಿಯ ಹಾದಿಗೆ ಮೋಟಾರ್‌ಸೈಕಲ್ ಬಂದು, ಕಾರು ಡಿಕ್ಕಿಯಾಗಿ ಒಂದೇ ಕುಟುಂಬದ ಮೂವರು ಸತ್ತರು. 2023ರ ಜನವರಿಯಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ, ಎಲ್ಲ ವ್ಯವಸ್ಥೆಯ ನಡುವೆ, ಸಲೂನ್ ಕಾರ್ ರೇಸಿನಲ್ಲಿ ಕೆ.ಇ. ಕುಮಾರ್ ತೀರಿಕೊಂಡರು. ಅವರಿಗೆ 59 ವರ್ಷ, ಪಳಗಿದ ಕೈ. ಇವೆರಡೂ ಹವ್ಯಾಸಿಗಳ ಆಟೋಕ್ರಾಸ್ ಅಲ್ಲ ಎಂದು ಯಾರಾದರೂ ಹೇಳಿದರೆ ನಿಜ, ಅಲ್ಲ. ಆಟೋಕ್ರಾಸಿನಲ್ಲಿ ಇಂಥದ್ದು ನಾನು ಕೇಳಿಲ್ಲ.

ವಿಮಾನ ನಿಲ್ದಾಣದ ಮಾತನ್ನು ನಮ್ಮ ಬಡಾವಣೆಯಲ್ಲಿ ಈ ಹಿಂದೆಯೂ ಕೇಳಿದ್ದೇನೆ. ಪ್ರಯಾಣಿಕರ ವಿಮಾನ ಹೋಯಿತೇ ಹೊರತು ನಿಲ್ದಾಣ ಹೋಗಿಲ್ಲ. ಪಕ್ಕದಲ್ಲಿ ವಾಯುಪಡೆ ಇದೆ, ಗಣ್ಯರು ಬಂದಿಳಿಯುವುದು ಅಲ್ಲೇ. ಪ್ರಧಾನಿ ಬರುವ ದಿನ ರನ್‌ವೇ ಪಕ್ಕ ನಿಮ್ಮ ಕೋನ್‌ಗಳನ್ನು ಯಾರು ಎತ್ತುತ್ತಾರೆ?

ಖರ್ಚು. ಪ್ರವೇಶ ಶುಲ್ಕ ಕಡಿಮೆ ಇರಬಹುದು. ಆದರೆ ಹೆಲ್ಮೆಟ್, ಸ್ಪರ್ಧೆಯ ಲೈಸೆನ್ಸ್, ಟೈರು, ಊರಿಂದೂರಿಗೆ ಪೆಟ್ರೋಲು, ಲಾಡ್ಜು ಸೇರಿಸಿ ನೋಡಿ. ಹಳೆಯ ಕಾರು ಬೇರೆ ಇಟ್ಟುಕೊಳ್ಳುತ್ತೇನೆ ಎಂದರೆ, ಹದಿನೈದು ವರ್ಷ ದಾಟಿದ ಮೇಲೆ ನೋಂದಣಿ ನವೀಕರಣ, ಫಿಟ್‌ನೆಸ್, ಹಸಿರು ತೆರಿಗೆ ಬೆನ್ನು ಹತ್ತುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಎರಡನೇ ಪಾರ್ಕಿಂಗ್ ಎಲ್ಲಿದೆ? ಆದರೂ ಒಂದು ಮಾತು: ಮಾಡುವುದೇ ಆದರೆ ಹಾಗೆ ಪ್ರತ್ಯೇಕ ಕಾರು ಇಟ್ಟುಕೊಂಡು ಮಾಡುವುದು ಮೇಲು. ಕಂತು ಕಟ್ಟುತ್ತಿರುವ, ಮಗುವನ್ನು ಶಾಲೆಗೆ ಬಿಡುವ ಕಾರು ಬೇಡ. ನನ್ನ ವಿರೋಧ ಅದೊಂದಕ್ಕೇ ಎಂದರೂ ಸರಿಯೇ.

ಟಿಎಸ್‌ಡಿ ಬಗ್ಗೆ ಕಟುವಾಗಿ ಬರೆಯಬೇಕೆಂದು ಕೂತೆ, ಆಗಲಿಲ್ಲ. ಪೊಲೀಸ್ ಅನುಮತಿ ಪಡೆದು ನಡೆಸಿದರೆ ಅದರಲ್ಲಿ ಊರಿನ ಸಿಟಿ ಬಸ್ಸಿಗಿಂತ ನಿಧಾನ ಹೋಗುತ್ತಾರೆ. ನನ್ನ ಮೊಮ್ಮಗಳು ಕಾಲೇಜಿನ ತಂಡದಲ್ಲಿ ನ್ಯಾವಿಗೇಟರ್ ಆಗಿ ಹೋಗಿಬಂದ ಮೇಲೆ ತ್ರೈರಾಶಿಕ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾಳೆ, ಅದನ್ನು ಅಲ್ಲಗಳೆಯಲಾರೆ. ಅವಳಿಗೂ ಹೇಳಿದ್ದು ಇಷ್ಟೆ: ಯಾರ ಕಾರಿನಲ್ಲಿ ಕೂರುತ್ತೀಯೋ ಅವರು ವಿಮಾ ಕಂಪನಿಗೆ ರ್‍ಯಾಲಿಯ ದಿನಾಂಕ, ಮಾರ್ಗ ಬರೆದು ತಿಳಿಸಿ ಎಂಡಾರ್ಸ್‌ಮೆಂಟ್ ಪಡೆದಿದ್ದಾರಾ ಕೇಳು. ಉತ್ತರ ಕಾಗದದಲ್ಲಿರಬೇಕು. ಏಜೆಂಟ್ ಫೋನಿನಲ್ಲಿ ‘ಏನೂ ಆಗಲ್ಲ ಸಾರ್, ನಾನಿದ್ದೀನಿ’ ಅಂದದ್ದು ಲೆಕ್ಕಕ್ಕಿಲ್ಲ.