ತಪ್ಪು ಇಬ್ಬರದೂ ಸರಿ, ಬಾಲ್ ಯಾರದು?

ನಮ್ಮ ಡಿಪಾರ್ಟ್‌ಮೆಂಟ್ ಮ್ಯಾಚ್‌ಗಳಲ್ಲಿ ಇದು ಮಾಮೂಲು. ಬಾಲ್ ಹೊರಗೆ ಗಾರ್ಡ್ ಕೈಯಲ್ಲಿರುತ್ತದೆ. ಬ್ಯಾಸ್ಕೆಟ್ ಹತ್ತಿರ ಜಾಗಕ್ಕಾಗಿ ಇಬ್ಬರು ಒಬ್ಬರನ್ನೊಬ್ಬರು ಎಳೆದಾಡುತ್ತಾರೆ. ವಿಸಿಲ್ ಬೀಳುತ್ತದೆ, ಡಬಲ್ ಫೌಲ್. ಅಲ್ಲಿವರೆಗೂ ನಮಗೆ ತಕರಾರಿಲ್ಲ. ಆಮೇಲೆ 'ಇಬ್ಬರೂ ಸಮ, ಜಂಪ್ ಮಾಡ್ರಿ' ಅಂತ ಬಾಲನ್ನು ಮೇಲಕ್ಕೆ ಎಸೀತಾರಲ್ಲ, ಅದು ತಪ್ಪು.

ಫಿಬಾ ನಿಯಮದ ಪ್ರಕಾರ ಇಬ್ಬರಿಗೂ ಒಂದೊಂದು ಫೌಲ್, ಯಾರಿಗೂ ಫ್ರೀ ಥ್ರೋ ಇಲ್ಲ. ಆಟ ಮತ್ತೆ ಶುರುವಾಗೋದಕ್ಕೆ ಮೂರು ದಾರಿ ಇವೆ. ಹೆಚ್ಚೂಕಡಿಮೆ ಅದೇ ಹೊತ್ತಿಗೆ ಬ್ಯಾಸ್ಕೆಟ್ ಆಗಿದ್ದರೆ ಪಾಯಿಂಟ್ ಲೆಕ್ಕಕ್ಕೆ ಬರುತ್ತದೆ, ಎದುರು ತಂಡ ಎಂಡ್‌ಲೈನ್‌ನಿಂದ ಶುರು ಮಾಡುತ್ತದೆ. ಬಾಲ್ ಒಂದು ತಂಡದ ಹತೋಟಿಯಲ್ಲಿದ್ದರೆ, ಅಥವಾ ಆ ತಂಡಕ್ಕೆ ಸಿಗಬೇಕಾಗಿದ್ದರೆ, ಥ್ರೋ-ಇನ್ ಅದೇ ತಂಡಕ್ಕೆ. ಶಾಟ್ ಕ್ಲಾಕ್ ಕೂಡ ಹೊಸದಾಗಿ ಶುರುವಾಗಲ್ಲ. 9 ಸೆಕೆಂಡ್ ಉಳಿದಿದ್ದರೆ 9ರಿಂದಲೇ. ರೀಬೌಂಡ್‌ಗೆ ಹಾರಿದಾಗ ಆದ ಹಾಗೆ ಬಾಲ್ ಯಾರ ಹತೋಟಿಯಲ್ಲೂ ಇಲ್ಲದಿದ್ದರೆ ಮಾತ್ರ ಟೇಬಲ್ ಮೇಲಿನ ಬಾಣ ತೋರಿಸಿದ ತಂಡಕ್ಕೆ. ಫಿಬಾ ಆಟದಲ್ಲಿ ಬಾಲ್ ಮೇಲಕ್ಕೆ ಎಸೆಯೋದು ಮ್ಯಾಚ್ ಶುರುವಿಗೆ ಒಂದೇ ಸಲ. ಎನ್‌ಬಿಎದಲ್ಲಿ ಬಾಣ ಇಲ್ಲ ನಿಜ, ಆದರೆ ಅಲ್ಲೂ ಬಾಲ್ ಇದ್ದ ತಂಡದ ಹತ್ತಿರವೇ ಬಾಲ್ ಉಳಿಯುತ್ತದೆ.

ಹಚ್ಚೊಳ್ಳಿ, ಸಿರುಗುಪ್ಪ ಕಡೆ ಭತ್ತದ ಗದ್ದೆಗೆ ನೀರು ಬಿಡುವಾಗ ಇಬ್ಬರು ಜಗಳಕ್ಕೆ ಬಿದ್ದರು ಅಂದುಕೊಳ್ಳಿ. ಹಿರಿಯರು ಇಬ್ಬರಿಗೂ ಬೈತಾರೆ. ಬೈದಾದ ಮೇಲೆ 'ಈಗ ಪಾಳಿ ಯಾರದಪ್ಪ?' ಅಂತ ಕೇಳ್ತಾರೆ. ಜಗಳ ಆಯ್ತು ಅಂತ ಪಾಳಿಗೆ ಚೀಟಿ ಎತ್ತಿಸಿದರೆ, ಪಾಳಿ ಇಲ್ಲದವನು ನಾಳೆಯೂ ಬಂದು ಜಗಳ ತೆಗೀತಾನೆ.

ಕೋರ್ಟ್‌ನಲ್ಲೂ ಅಷ್ಟೇ. ಜಂಪ್ ಕೊಟ್ಟರೆ, ಬಾಲ್ ಇಲ್ಲದ ತಂಡಕ್ಕೆ ಒಂದು ಫೌಲ್ ಖರ್ಚಿನಲ್ಲಿ ಅರ್ಧ ಚಾನ್ಸ್ ಸಿಕ್ಕ ಹಾಗೆ. ಉದ್ದ ಇರೋ ಸೆಂಟರ್ ಇದ್ದರೆ ಅರ್ಧಕ್ಕಿಂತ ಜಾಸ್ತಿ. ಇಷ್ಟೊತ್ತು ಪಾಸ್ ಮಾಡಿ ಆಡಿದ ತಂಡ ಬಾಲ್ ಕಳ್ಕೊಳ್ಳುತ್ತದೆ. ಇಬ್ಬರನ್ನೂ ಒಂದೇ ಥರ ನೋಡಿದ ಹಾಗೆ ಕಾಣುತ್ತದೆ, ಶಿಕ್ಷೆ ಬೀಳೋದು ಒಬ್ಬರಿಗೆ.

ಇನ್ನೊಂದು ಮಾತು. ಒಬ್ಬ ತಳ್ಳಿದ, ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬ ತಿರುಗಿಸಿ ತಳ್ಳಿದ ಅಂದ್ರೆ ಅದು ಡಬಲ್ ಫೌಲೇ ಅಲ್ಲ. ಎರಡೂ ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಆಗಿರಬೇಕು. ಗಲಾಟೆ ತಣ್ಣಗಾಗಲಿ ಅಂತ ಇಬ್ಬರಿಗೂ ಹಂಚಿಬಿಟ್ಟರೆ, ಐದನೇ ಫೌಲ್ ಆಗಿ ಹೊರಗೆ ಹೋಗೋದು ಮೊದಲು ತಳ್ಳಿಸಿಕೊಂಡವನೇ ಆಗಬಹುದು.

ಮುಂದಿನ ಟೂರ್ನಮೆಂಟ್‌ಗೆ ನಾವು ಕೇಳೋದು ದೊಡ್ಡದೇನಲ್ಲ. ಸ್ಕೋರ್ ಟೇಬಲ್ ಮೇಲೆ ರಟ್ಟಿನದೊಂದು ಬಾಣ ಇಡೋಣ. ವಿಸಿಲ್ ಊದಿದ ಮೇಲೆ ರೆಫರಿ 'ಬಾಲ್ ಯಾರ ಹತ್ತಿರ ಇತ್ತು' ಅನ್ನೋದನ್ನ ಎಲ್ಲರಿಗೂ ಕೇಳೋ ಹಾಗೆ ಹೇಳಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.