ಸಮವಸ್ತ್ರವೂ ವಿದ್ಯಾರ್ಥಿನಿಯರ ಮಾತೂ

ಸಮವಸ್ತ್ರವು ಹೆಣ್ಣುಮಕ್ಕಳ ಸ್ವಾತಂತ್ರ್ಯವನ್ನು ಕುಗ್ಗಿಸುವುದೆಂದು ವಾದಿಸುವವರು ಕೆಲವರು. ಅದಿಲ್ಲದೆ ಶಿಸ್ತೇ ಉಳಿಯದೆಂಬವರು ಹಲವರು. ಈ ಎರಡು ಪಕ್ಷದವರೂ ಬಟ್ಟೆಯ ಮೇಲೆ ಅದು ಹೊರಲಾರದ ಭಾರವನ್ನು ಹೊರಿಸಿರುವರೆಂದು ನನಗೆ ತೋರುತ್ತದೆ.

ಸಮವಸ್ತ್ರದ ಉಪಕಾರವನ್ನು ಬಡತನದಲ್ಲಿ ಓದಿದವರೇ ಬಲ್ಲರು. ಎರಡೇ ಜೊತೆ ಬಟ್ಟೆಯುಳ್ಳವಳೂ ಹತ್ತು ರೇಷ್ಮೆಯ ಲಂಗಗಳುಳ್ಳವಳೂ ಒಂದೇ ಬೆಂಚಿನಲ್ಲಿ ಸಂಕೋಚವಿಲ್ಲದೆ ಕುಳಿತುಕೊಳ್ಳುವುದು ಅಲ್ಪವಾದ ಮಾತಲ್ಲ. (ಗೊತ್ತಾದ ಅಂಗಡಿಯಲ್ಲಿಯೇ ಹೆಚ್ಚಿನ ಬೆಲೆಗೆ ಕೊಳ್ಳಬೇಕೆಂದು ವಿಧಿಸುವಲ್ಲಿ ಈ ಉಪಕಾರವು ತಲೆಕೆಳಗಾಗುವುದೆಂದು ಹೆತ್ತವರಿಗೆ ನಾನು ಹೇಳಬೇಕಾದುದಿಲ್ಲ.)

ಆದರೆ ಉಡುಪು ಒಂದೇ ಆದ ಮಾತ್ರಕ್ಕೆ ಅಭಿಪ್ರಾಯವೂ ಒಂದೇ ಆಗಬೇಕೆಂದಿಲ್ಲ. ಅಮೇರಿಕಾ ದೇಶದ ಡಿ ಮಾಯ್ನ್ ಪಟ್ಟಣದಲ್ಲಿ 1965ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಮೇರಿ ಬೆತ್ ಟಿಂಕರ್ ಎಂಬ 13 ವರ್ಷದ ಬಾಲಿಕೆಯು, ವಿಯೆಟ್ನಾಮ್ ಯುದ್ಧದಲ್ಲಿ ಮಡಿದವರಿಗಾಗಿ ಮರುಗಿ, ತೋಳಿಗೆ ಕಪ್ಪು ಪಟ್ಟಿಯನ್ನು ಕಟ್ಟಿಕೊಂಡು ಶಾಲೆಗೆ ಹೋದಳು. ಅವಳನ್ನೂ ಅವಳ ಅಣ್ಣನೇ ಮೊದಲಾದ ಕೆಲವರನ್ನೂ ಶಾಲೆಯವರು ಹೊರಗೆ ಕಳುಹಿಸಿದರು. ವ್ಯಾಜ್ಯವು ಆ ದೇಶದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1969ರ ಫೆಬ್ರವರಿಯಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಏಳು ಮಂದಿ ಮಕ್ಕಳ ಪಕ್ಷದಲ್ಲಿ ತೀರ್ಪಿತ್ತರು. ಪಾಠಕ್ಕೆ ಅಡ್ಡಿಯಾಗದಿರುವಲ್ಲಿ, ಗದ್ದಲವಾದೀತೆಂಬ ಬರಿಯ ಭಯದಿಂದ ಮಕ್ಕಳ ಅಭಿಪ್ರಾಯವನ್ನು ಅಡಗಿಸಲಾಗದೆಂಬುದು ಅದರ ತಾತ್ಪರ್ಯ. ಆದರೆ ಲಂಗದ ಉದ್ದ, ಉಡುಪಿನ ಬಗೆ, ಕೂದಲಿನ ರೀತಿ ಇವುಗಳ ಕಟ್ಟಳೆಯು ತಮ್ಮ ಮುಂದಿರುವ ಪ್ರಶ್ನೆಯಲ್ಲವೆಂದೂ ಅದೇ ತೀರ್ಪಿನಲ್ಲಿ ಹೇಳಿರುವರು. ಇದನ್ನು ಉದಾಹರಿಸುವವರು ಈ ಮಾತನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ನಮ್ಮ ನಾಡಿನಲ್ಲಿ ಉಡುಪೂ ಅಭಿಪ್ರಾಯವೂ ಅಷ್ಟು ಸುಲಭವಾಗಿ ಬೇರ್ಪಡಲಿಲ್ಲ. 2022ರಲ್ಲಿ ತಲೆವಸ್ತ್ರದ ವಿವಾದವೆದ್ದಾಗ, ಕರ್ನಾಟಕದ ಉಚ್ಚ ನ್ಯಾಯಾಲಯವು ಮಾರ್ಚ್ 15ರಂದು ಸರಕಾರದ ಸಮವಸ್ತ್ರದ ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ಒಬ್ಬರಿಗೊಬ್ಬರು ವಿರುದ್ಧವಾದ ತೀರ್ಪುಗಳನ್ನು ಕೊಟ್ಟರು. ಬಲ್ಲವರಲ್ಲಿಯೇ ಇಂತಹ ಭೇದವಿರುವಾಗ, ಓದುವ ಹುಡುಗಿಯರು ಬಾಗಿಲ ಹೊರಗೆ ನಿಂತರಲ್ಲ, ಆ ದಿನಗಳ ನಷ್ಟವನ್ನು ತುಂಬಿಕೊಡುವವರಾರು?

ಸಮವಸ್ತ್ರವಿರಲಿ, ಬೇಡವೆಂದು ನಾನು ಹೇಳೆನು. ಆದರೆ ಅದರ ನಿಮಿತ್ತವಾಗಿ ಯಾವ ಬಾಲಿಕೆಯ ಪಾಠವೂ ಒಂದು ಗಂಟೆಯಾದರೂ ನಿಲ್ಲಬಾರದು. ಮತ್ತು ಅದನ್ನು ಗೊತ್ತುಮಾಡುವ ಸಭೆಯಲ್ಲಿ ಅದನ್ನು ಉಡತಕ್ಕವರಿಗೂ ಸ್ಥಾನವಿರತಕ್ಕದ್ದು. ಮಳೆಗಾಲದಲ್ಲಿ ಯಾವ ಬಟ್ಟೆ ಒಣಗದು, ಯಾವ ಲಂಗವನ್ನುಟ್ಟು ಓಡಲಾಗದು, ಯಾವ ತಿಂಗಳ ದಿನಗಳಲ್ಲಿ ಬಿಳಿಯ ಬಣ್ಣವು ಹಿಂಸೆಯಾಗುವುದು, ಇವೆಲ್ಲ ಅವರಿಗೆ ತಿಳಿದಷ್ಟು ಆಡಳಿತ ಮಂಡಲಿಯ ಹಿರಿಯರಿಗೆ ತಿಳಿಯದು. ಇಂತಹ ಮಂಡಲಿಗಳಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿನಿಯರು ನಮ್ಮೊಳಗೆ ಇರುವರಷ್ಟೆ. ಮುಂದಿನ ವರ್ಷದ ಬಟ್ಟೆಯನ್ನು ಆರಿಸುವ ಮೊದಲು ಅವರು ಮೇಲಿನ ತರಗತಿಗಳ ಹುಡುಗಿಯರನ್ನು ಕರೆಯಿಸಿ ಕೇಳಲಿ.